ಕಂಪ್ಯೂಟರಿಗೂ ಒಂದು ಬೆಂಕಿರೇಖೆ



ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಬೆಂಕಿರೇಖೆ ಹೊಸದಲ್ಲ. ಬೇಸಿಗೆಗೆ ಮುಂಚೆ ನಾಗರಹೊಳೆ ಕಾಡಿನಲ್ಲಿ ಅರಣ್ಯ ಇಲಾಖೆಯವರು ಉದ್ದಕ್ಕೆ ಒಣಹುಲ್ಲು, ತರಗೆಲೆ ತೆಗೆದು ನೆಲ ಬೋಳು ಮಾಡುತ್ತಾರೆ. ಆಚೆ ಬಿದ್ದ ಬೆಂಕಿ ಈಚೆ ದಾಟಬಾರದು ಅಂತ. ಕಂಪ್ಯೂಟರಿನ 'ಫೈರ್‌ವಾಲ್' ಎಂಬ ಮಾತಿಗೂ ಬೆಂಕಿ ತಡೆಯುವ ಗೋಡೆ ಎಂದೇ ಅರ್ಥ.

ಇದು ಇಟ್ಟಿಗೆ ಗೋಡೆಯಲ್ಲ, ಒಂದು ಪ್ರೋಗ್ರಾಂ. ಇಂಟರ್ನೆಟ್ಟಿಗೆ ಸೇರಿದ ಕಂಪ್ಯೂಟರಿಗೆ 'ಪೋರ್ಟ್' ಎಂಬ ಬಾಗಿಲುಗಳಿವೆ. ಅವುಗಳ ನಂಬರು 65,535ರವರೆಗೆ ಹೋಗುತ್ತದೆ! ನಾವು ಕೇಳಿದ್ದಕ್ಕೆ ಉತ್ತರ ಬಂದರೆ ಫೈರ್‌ವಾಲ್ ಒಳಗೆ ಬಿಡುತ್ತದೆ. ಕರೆಯದೆ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ.

ತಡೆಯದಿದ್ದರೆ ಏನಾಗುತ್ತದೆ? 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ದುಷ್ಟ ಪ್ರೋಗ್ರಾಂ 445ನೇ ಬಾಗಿಲಿನಿಂದ ನುಗ್ಗಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಸುಮಾರು 150 ದೇಶಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಎಷ್ಟೋ ಜನ ಹಾಕಿಕೊಂಡಿರಲಿಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮ ಮನೆ ಕಂಪ್ಯೂಟರಿನಲ್ಲಿ ಅಪ್ಪನ ಹೊಗೆಸೊಪ್ಪಿನ ಲೆಕ್ಕ, ಅಕ್ಕನ ಮದುವೆ ಫೋಟೋ ಎಲ್ಲಾ ಇತ್ತು. ಪೆನ್ ಡ್ರೈವಿನಲ್ಲಿ ಒಂದು ಆಟ ತಂದೆ. 'ಫೈರ್‌ವಾಲ್ ಆಫ್ ಮಾಡಿ' ಅಂತ ಅದು ಕೇಳಿತು, ಮಾಡಿದೆ. ಎರಡು ದಿನಕ್ಕೆ ಒಂದು ಫೋಟೋನೂ ತೆರೆಯಲಿಲ್ಲ. ರಿಪೇರಿ ಅಣ್ಣ ನೋಡಿ, "ಫೈರ್‌ವಾಲ್ ಇದ್ದಿದ್ರೂ ಇದು ಬರ್ತಿತ್ತು ಕಣಪ್ಪ. ನೀನೇ ಕೊಳ್ಳಿ ಹಿಡ್ಕೊಂಡು ಒಳಗೆ ಹೋದ್ರೆ ಬೆಂಕಿರೇಖೆ ಏನ್ ಮಾಡತ್ತೆ?" ಅಂದರು. ಅಪ್ಪ ಬೈಯಲಿಲ್ಲ. ಹಳೇ ಚೀಟಿಗಳನ್ನು ಹರಡಿಕೊಂಡು ರಾತ್ರಿಯೆಲ್ಲಾ ಲೆಕ್ಕ ಬರೆದರು. ಫೋಟೋ ಮಾತ್ರ ಮತ್ತೆ ಸಿಗಲಿಲ್ಲ.

ನೀವು ಹೀಗೆ ಮಾಡಿ:

1. ವಿಂಡೋಸ್ 10 ಅಥವಾ 11 ಇದ್ದರೆ 'ವಿಂಡೋಸ್ ಸೆಕ್ಯುರಿಟಿ' ತೆರೆದು 'ಫೈರ್‌ವಾಲ್' ಎಂಬಲ್ಲಿ ಎಲ್ಲವೂ 'ಆನ್' ಇದೆಯೇ ನೋಡಿ.
2. ಯಾವ ಆಟ ಕೇಳಿದರೂ ಆಫ್ ಮಾಡಬೇಡಿ.
3. ಪರಿಚಯವಿಲ್ಲದ ಪ್ರೋಗ್ರಾಂ ಅನುಮತಿ ಕೇಳಿದರೆ 'ಬೇಡ' ಅನ್ನಿ.
4. ಅಪ್‌ಡೇಟ್ ಬಿಡಬೇಡಿ. ಆಂಟಿವೈರಸ್ ಕೂಡ ಇರಲಿ.
5. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೆ ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ತೆಗೆದಿಡಿ.

ಐದನೆಯದನ್ನು ನಾನು ಮಾಡಿದ್ದಿದ್ದರೆ ಅಕ್ಕನ ಫೋಟೋ ಉಳಿಯುತ್ತಿತ್ತು. ನೀವು ಇವತ್ತೇ ಮಾಡಿ.