ಕೈಯಿಂದ ತಿರುಗಿಸುವ ಟಾರ್ಚ್: ಒಳಗೇನಿದೆ, ಸುಧಾರಿಸುವುದು ಹೇಗೆ?



ರಾತ್ರಿ ಆಕಳು ಈಯುವಾಗ ಕರೆಂಟು ಹೋದರೆ, ಕರುವಿನ ಮುಂಗಾಲು, ಮೂತಿ ಸರಿಯಾಗಿ ಬಂದಿವೆಯೇ ಎಂದು ನೋಡಲು ಬೆಳಕು ಬೇಕೇ ಬೇಕು. ಆಗ ಎಲ್‌ಇಡಿ ಟಾರ್ಚ್ ಕೈಕೊಡಬಾರದು.

ಇಳಕಲ್ಲಿನ ನೇಕಾರರ ರಾಟಿಯನ್ನು ನೋಡಿದ್ದೀರಿ. ದೊಡ್ಡ ಗಾಲಿ ಒಂದು ಸುತ್ತು ಬಂದರೆ ಕದಿರು ಹತ್ತಾರು ಸುತ್ತು ತಿರುಗುತ್ತದೆ. ಟಾರ್ಚಿನ ಹಲ್ಲಿನ ಚಕ್ರಗಳೂ ಹೀಗೆಯೇ ಅಯಸ್ಕಾಂತವನ್ನು ವೇಗವಾಗಿ ತಿರುಗಿಸುತ್ತವೆ. ಪಕ್ಕದ ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವ. ಸೈಕಲ್ ಡೈನಮೋದಲ್ಲಿಯೂ ಇದೇ ಇದೆ. ಡಯೋಡ್‌ಗಳು ಆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸಿ ಸಣ್ಣ ಸೆಲ್ಲಿಗೆ ತುಂಬುತ್ತವೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು.

ಬೆಳಕು ಬೇಗ ಆರುತ್ತಿದ್ದರೆ ಹೀಗೆ ಮಾಡಿರಿ:

1. ಸೆಲ್ ತೆಗೆದು, ಸ್ವಿಚ್ ಹಾಕಿ ತಿರುಗಿಸಿರಿ. ದೀಪ ಹತ್ತಿದರೆ ಡೈನಮೋ ಸರಿಯಿದೆ, ದೋಷ ಸೆಲ್ಲಿನದು.

2. ಸೆಲ್ ಮೇಲೆ ‘ಸಿಆರ್ 2032’ ಎಂದಿದ್ದರೆ ಅದು ಚಾರ್ಜ್ ಆಗುವಂಥದ್ದಲ್ಲ. ಬದಲಿಗೆ ರಿಪೇರಿಯವರಿಂದ 5.5 ವೋಲ್ಟ್, 1 ಫ್ಯಾರಡ್‌ನ ಸೂಪರ್ ಕೆಪಾಸಿಟರ್ ಹಾಕಿಸಿರಿ. ದೀಪ ಹಾಕಿಕೊಂಡೇ ತಿರುಗಿಸಿರಿ. ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಬೆಳಕಿದ್ದರೂ, ಅದು ವರ್ಷಗಟ್ಟಲೆ ಬಾಳುತ್ತದೆ.

3. ಚಕ್ರಗಳಿಗೆ ಚೂರು ಸಿಲಿಕಾನ್ ಗ್ರೀಸ್ ಹಚ್ಚಿರಿ.

ತೆಗೆದ ಸೆಲ್ ಮೇವಿನಲ್ಲಿ ಬೀಳದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ. ಈಯುವ ದಿನ ಹತ್ತಿರವಾದಾಗ ಟಾರ್ಚನ್ನು ಸಂಜೆಯೇ ಪರೀಕ್ಷಿಸಿ ಇಡಿರಿ.