ನಮ್ಮ ಮನೆಯಲ್ಲಿ ಜೋಡಿಸಿದ ಕರೆಂಟ್ ಗಿಟಾರ್



ನಮ್ಮಪ್ಪ ಮರಗೆಲಸ ಮಾಡುವುದು ನಿಮಗೆಲ್ಲ ಗೊತ್ತೇ ಇದೆ. ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಈ ಸಲ ಬೇಸಿಗೆ ರಜದಲ್ಲಿ ನಾನೂ ಅವರೂ ಸೇರಿ ಒಂದು ಗಿಟಾರ್ ಜೋಡಿಸಿದೆವು. ಮಾಡಿದೆವು ಅಂದರೆ ಸುಳ್ಳಾಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಅದನ್ನು ಬಿಡಿ ಬಿಡಿ ಸಾಮಾನಾಗಿ ಒಂದು ರಟ್ಟಿನ ಡಬ್ಬದಲ್ಲಿ ತಂದಿದ್ದರು. ಅದಕ್ಕೆ ಕಿಟ್ ಅಂತಾರೆ. ಅವರ ರೂಮಿನಲ್ಲಿ ಮರ ಉಜ್ಜೋಕೆ ಜಾಗ ಇಲ್ಲವಂತೆ. "ಭಾವ, ನೀವು ಪಾಲಿಶ್ ಮಾಡಿ ಜೋಡಿಸಿಡಿ, ತಂತಿ ನಾನು ಬಂದು ಕಟ್ತೀನಿ" ಅಂತ ಬಿಟ್ಟು ಹೋದರು.

ಕರೆಂಟ್ ಗಿಟಾರ್ ಅಂದ ಕೂಡಲೇ ಅಜ್ಜಿ "ಶಾಕ್ ಹೊಡೆಯಲ್ವೇನೋ?" ಅಂದರು. ಹೊಡೆಯುವುದಿಲ್ಲ. ಇದು ಗೋಡೆಯ ಪ್ಲಗ್ಗಿನಿಂದ ಕರೆಂಟ್ ತಗೊಳ್ಳುವುದಿಲ್ಲ, ತಾನೇ ಚೂರು ಕರೆಂಟ್ ಮಾಡುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಡಬ್ಬದಲ್ಲಿ ಇದ್ದದ್ದು ಇವು. ಬಾಸ್‌ವುಡ್ ಎಂಬ ಮೆತ್ತನೆ ಮರದ ಒಡಲು, ಮೇಪಲ್ ಮರದ ಕತ್ತು, ತಂತಿ ಬಿಗಿಯುವ ಆರು ಬಿರಡೆ, ಬ್ರಿಜ್ ಅನ್ನುವ ಕಬ್ಬಿಣದ ತಗಡು, ಪಿಕಪ್, ಎರಡು ಗುಂಡಿ, ವೈರು, ಸ್ಕ್ರೂ. ಪಕ್ಕದಲ್ಲಿ ನಾನು ಬರೆದ ಚಿತ್ರ ನೋಡಿ. (ಕತ್ತು ಸ್ವಲ್ಪ ಸೊಟ್ಟಗೆ ಬಂದಿದೆ.) ಹೇಗೆ ಮಾಡಬೇಕು ಅನ್ನುವ ಕಾಗದ ಮಾತ್ರ ಇರಲಿಲ್ಲ.

ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಟೊಳ್ಳಾಗಿ ಕೊರೆದಿರುತ್ತಾರೆ. ಒಳಗಿನ ಗಾಳಿ ನಡುಗಿ ಶಬ್ದ ದೊಡ್ಡದಾಗುತ್ತದೆ. ಈ ಗಿಟಾರಿನ ಒಡಲು ಟೊಳ್ಳಲ್ಲ, ಗಟ್ಟಿ ಹಲಗೆ. ಹಾಗೇ ಮೀಟಿದರೆ ಸೊಳ್ಳೆ ಸದ್ದು. ಆದರೆ ಅದರ ತಲೆಯನ್ನು ಬೀರುವಿನ ಬಾಗಿಲಿಗೆ ಒತ್ತಿ ಹಿಡಿದು ಮೀಟಿದರೆ ಬೀರು ಎಲ್ಲಾ ಗುಂಯ್ ಅನ್ನುತ್ತದೆ. ಇದನ್ನು ನಾನೇ ಕಂಡುಹಿಡಿದೆ.

ಮೊದಲು ಉಜ್ಜುವ ಕೆಲಸ. 120ನೇ ನಂಬರಿನ ಉಪ್ಪುಕಾಗದ, ಆಮೇಲೆ 220, ಆಮೇಲೆ 400. ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು. ಮರದ ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನಡುವೆ ಒಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಗ ಸಣ್ಣ ಸಣ್ಣ ನಾರು ಎದ್ದು ನಿಲ್ಲುತ್ತದೆ, ಒಣಗಿದ ಮೇಲೆ ಅದನ್ನೂ ಉಜ್ಜಿ ತೆಗೆಯಬೇಕು. ನನಗೆ ಈ ಕೆಲಸ ನಾಲ್ಕು ದಿನ ಆಯಿತು. ಬೆರಳಿನ ತುದಿ ಎಲ್ಲಾ ಸವೆದುಹೋಯ್ತು.

ಪಾಲಿಶ್ ಅಪ್ಪನದು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿದರು. ಅರಗು ಅಂದರೆ ಮರದ ರೆಂಬೆಯ ಮೇಲೆ ಅರಗಿನ ಹುಳುಗಳು ಮಾಡುವ ಅಂಟು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಕೂರಿಸುವುದೂ ಅರಗಿನಿಂದಲೇ. ಹತ್ತಿಯ ಉಂಡೆಗೆ ಹಳೇ ಪಂಚೆ ಬಟ್ಟೆ ಸುತ್ತಿ, ಅರಗಿನ ನೀರಲ್ಲಿ ಅದ್ದಿ, ಕೈ ನಿಲ್ಲಿಸದೆ ಎಳೆಯಬೇಕು. ನಿಲ್ಲಿಸಿದರೆ ಅಲ್ಲೇ ಅಂಟಿಕೊಂಡು ಕಲೆ ಬೀಳುತ್ತದೆ. ಒಂದು ದಿನ ಮಳೆ ಬಂದು ತಂಡಿಯಾಗಿ, ಪಾಲಿಶ್ ಮೇಲೆ ಮಂಜು ಕವಿದ ಹಾಗೆ ಬೆಳ್ಳಗಾಯಿತು. ಅಪ್ಪ ಗಾಬರಿಯಾಗಲಿಲ್ಲ. ಬಿಸಿಲು ಬಂದ ಮೇಲೆ ಬರೀ ಸ್ಪಿರಿಟ್ ಮುಟ್ಟಿಸಿ ಒಂದೆರಡು ಕೈ ಎಳೆದರು, ಬಿಳಿ ಹೋಯ್ತು. ಹತ್ತು ಹನ್ನೆರಡು ಕೈ ಆದ ಮೇಲೆ ಮರ ಬೆಲ್ಲದ ಪಾಕದ ಬಣ್ಣಕ್ಕೆ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಿಟಾರಿನ ಕತ್ತಿನ ಮೇಲೆ ಲೋಹದ ಮೆಟ್ಟುಗಳಿರುತ್ತವೆ. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ, ಬೇಕಾದರೆ ಮೇಣ ತೆಗೆದು ಮತ್ತೆ ಕೂರಿಸಬಹುದು. ಗಿಟಾರಿನಲ್ಲಿ ಹಾಗಿಲ್ಲ, ಮರ ಸೀಳಿ ಬಡಿದಿರುತ್ತಾರೆ. ಅವುಗಳ ಅಂತರಕ್ಕೆ ಲೆಕ್ಕ ಇದೆ. ನಮ್ಮ ಗಿಟಾರಿನ ತಂತಿಯ ಉದ್ದ 648 ಮಿ.ಮೀ., ಅಂದರೆ 25.5 ಇಂಚು. ಇದನ್ನು 17.817ರಿಂದ ಭಾಗಿಸಿದರೆ ಸುಮಾರು 36.4 ಮಿ.ಮೀ. ಬರುತ್ತದೆ. ಅಲ್ಲಿ ಮೊದಲನೇ ಮೆಟ್ಟು. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೇದು. ಹೀಗೆ ಹೋದರೆ 12ನೇ ಮೆಟ್ಟು ಸರಿಯಾಗಿ ಅರ್ಧಕ್ಕೆ ಬರುತ್ತದೆ. ನಮ್ಮ ಶಾಲೆಯ ಹಾರ್ಮೋನಿಯಂನಲ್ಲಿ ಒಂದು ಸ ಇಂದ ಮೇಲಿನ ಸ ತನಕ ಕರಿದು ಬಿಳಿದು ಸೇರಿ 12 ಹೆಜ್ಜೆ ಇದೆಯಲ್ಲ, ಅದೇ ಇದು. ತಂತಿ ಅರ್ಧವಾದರೆ ಮೇಲಿನ ಸ. ಹಿಂದೆ 17.817ರ ಬದಲು 18ರಿಂದ ಭಾಗಿಸುತ್ತಿದ್ದರಂತೆ. 1581ರಲ್ಲಿ ಈ 18ರ ಲೆಕ್ಕವನ್ನು ಪುಸ್ತಕದಲ್ಲಿ ಬರೆದ ವಿನ್ಸೆಂಜೊ ಗೆಲಿಲಿ, ನಮ್ಮ ವಿಜ್ಞಾನ ಪಾಠದ ಗೆಲಿಲಿಯೊ ಅವರ ತಂದೆ!

ಇದೆಲ್ಲ ಮಾವ ಫೋನಿನಲ್ಲಿ ಹೇಳಿದ್ದರು, ನಾನು ನೋಟ್ಸಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೆ. ಹಾಗಾದರೆ ಬ್ರಿಜ್ ಎಲ್ಲಿ ಕೂರಬೇಕು? ಕತ್ತಿನ ತುದಿಯಿಂದ 12ನೇ ಮೆಟ್ಟಿಗೆ ಎಷ್ಟೋ, 12ರಿಂದ ಬ್ರಿಜ್ಜಿಗೂ ಅಷ್ಟೇ. ನಮ್ಮದರಲ್ಲಿ 12.75 ಇಂಚು. ಒಡಲಲ್ಲಿ ಬ್ರಿಜ್ಜಿಗೆ ತೂತು ಇರಲಿಲ್ಲ, ನಾವೇ ಕೊರೆಯಬೇಕಿತ್ತು. ಅಪ್ಪ ಪಿಕಪ್ಪಿಗೆ ಹತ್ತಿರವಾಗಿ, ನೋಡೋಕೆ ಅಂದವಾಗಿ ಇಟ್ಟು ಪೆನ್ಸಿಲ್ ಗುರುತು ಹಾಕಿದರು. ಅವರು ಊಟಕ್ಕೆ ಎದ್ದಾಗ ನಾನು ಟೇಪು ಹಿಡಿದು ನೋಡಿದೆ. 12.25 ಬಂತು. ಇನ್ನೊಂದು ಸಲ ಹಿಡಿದೆ. ಅಷ್ಟೇ ಬಂತು.

ನಾನು ಹೇಳಲಿಲ್ಲ. ನಮ್ಮಪ್ಪನ ಅಳತೆ ತಪ್ಪಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನನ್ನ ಲೆಕ್ಕವೇ ತಪ್ಪಿರಬೇಕು ಅಂದುಕೊಂಡೆ. ಅದೂ ಅಲ್ಲದೆ ಈಗ ಪೇಟೆಯಿಂದ ರೆಡಿಮೇಡ್ ಬಾಗಿಲು ಬರುತ್ತಿರುವುದರಿಂದ ಅಪ್ಪನಿಗೆ ಕೆಲಸ ಕಮ್ಮಿ. ಈ ಗಿಟಾರ್ ಹಿಡಿದಾಗಿನಿಂದ ಬೆಳಗ್ಗೆ ಸಿಳ್ಳೆ ಹಾಕುತ್ತಾ ಏಳುತ್ತಿದ್ದರು. ಹೆಂಗೆ ಹೇಳೋದು? ಊಟ ಮುಗಿಸಿ ಬಂದು ಐದು ತೂತು ಕೊರೆದುಬಿಟ್ಟರು.

ಭಾನುವಾರ ಮಾವ ಬಂದು ತಂತಿ ಕಟ್ಟಿದರು. ಬಿಟ್ಟ ತಂತಿ ಶ್ರುತಿಗೆ ಸರಿಯಾಗಿ ಕೂತಿತು. 12ನೇ ಮೆಟ್ಟು ಒತ್ತಿದರೆ ಮೇಲಿನ ಸ ಬರಬೇಕು, ಅದಕ್ಕಿಂತ ಏರಿ ಬಂತು. ಅರ್ಧಕ್ಕಿಂತ ಚಿಕ್ಕದಾದ ತಂತಿ ಅರ್ಧಕ್ಕಿಂತ ಮೇಲೆ ಹಾಡುತ್ತದೆ, ಅಷ್ಟೇ. ಬ್ರಿಜ್ಜಿನಲ್ಲಿ ಹಿಂದೆ ಮುಂದೆ ಸರಿಸುವ ಸ್ಕ್ರೂ ಇದೆ. ಬೆರಳಿನಿಂದ ಒತ್ತಿದಾಗ ತಂತಿ ಸ್ವಲ್ಪ ಬಿಗಿಯಾಗುತ್ತದಲ್ಲ, ಅದನ್ನು ಸರಿದೂಗಿಸಲು ದಪ್ಪ ತಂತಿಗೆ ಕೊಂಚ ಜಾಸ್ತಿ ಉದ್ದ ಬೇಕು, ಅದಕ್ಕೆ ಆ ಸ್ಕ್ರೂ. ಆದರೆ ಅದು ನಾಲ್ಕೈದು ಮಿ.ಮೀ. ಸರಿಯುತ್ತದೆ, ಅರ್ಧ ಇಂಚು ಅಲ್ಲ. ಮಾವ ಏನೂ ಅನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ, ಹೋಗಿ ಕೈಕಾಲು ತೊಳೆದು ಬಂದರು.

ರಾತ್ರಿ ನಾನು ನೋಟ್ಸು ತಗೊಂಡು ಹೋಗಿ ತೋರಿಸಿದೆ. ಮೊದಲೇ ಅಳೆದಿದ್ದೆ ಅಂತಾನೂ ಹೇಳಿದೆ. ಹೊಡೆಯಬಹುದು ಅಂತ ಭಯ ಇತ್ತು. ಅಪ್ಪ ನೋಟ್ಸನ್ನೇ ಸುಮಾರು ಹೊತ್ತು ನೋಡಿ, "ಟೇಪು ನಿನ್ನ ಕೈಲಿತ್ತು, ಬಾಯಿಗೆ ಏನಾಗಿತ್ತು?" ಅಂದರು. ನನಗೆ ಹೊಡೆದಿದ್ದರೇ ವಾಸಿ ಅನ್ನಿಸಿತು.

ಆಗ ಮಾವ ಒಂದು ಸಂಗತಿ ಹೇಳಿದರು. ಇಂಗ್ಲೆಂಡಿನ ಕ್ವೀನ್ ಎಂಬ ತಂಡದ ಬ್ರಯಾನ್ ಮೇ ಅನ್ನುವವರು ಹುಡುಗರಾಗಿದ್ದಾಗ 1963ರಲ್ಲಿ ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಶುರು ಮಾಡಿದರಂತೆ. ಅಂಗಡಿಯದು ಕೊಳ್ಳಲು ದುಡ್ಡಿರಲಿಲ್ಲ. ಕತ್ತಿಗೆ ಹಳೇ ಬೆಂಕಿಗೂಡಿನ ಮೇಲಿನ ಹಲಗೆ, ಸ್ಪ್ರಿಂಗಿಗೆ ಮೋಟಾರ್ ಸೈಕಲ್ಲಿನ ಸ್ಪ್ರಿಂಗ್. ಹಲಗೆಯಲ್ಲಿ ಹುಳ ಕೊರೆದ ತೂತುಗಳಿದ್ದವು, ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಮುಂದೆ ಅದೇ ಗಿಟಾರ್ ಜಗತ್ತೆಲ್ಲ ಸುತ್ತಿತು. ಬ್ರಯಾನ್ ಮೇ 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಕೂಡ ಪಡೆದರು. ಬೆಂಕಿಕಡ್ಡಿ ಮಾತು ಕೇಳಿ ಅಪ್ಪ ನಕ್ಕರು.

ಬೆಳಗ್ಗೆ ತೇಗದ ಚೂರಿನಿಂದ ಐದು ಸಣ್ಣ ಗೂಟ ಕೆತ್ತಿ, ಅಂಟು ಹಾಕಿ ತೂತಿಗೆ ಬಡಿದರು. ಒಣಗಿದ ಮೇಲೆ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ನಾನು ನಾಲ್ಕು ಸಲ ಅಳೆದು ಗುರುತು ಹಾಕಿದೆ. ಅವರು ತಾವು ಅಳೆಯದೇ ಡ್ರಿಲ್ ಇಟ್ಟರು. ಆಗ ನನ್ನ ಎದೆ ಡವಡವ ಅಂತಿತ್ತು. ಈ ಸಲ 12ನೇ ಮೆಟ್ಟಿನಲ್ಲಿ ಮೇಲಿನ ಸ ಸರಿಯಾಗಿ ಬಂತು. ಹಳೇ ತೂತುಗಳು ಬ್ರಿಜ್ ತಗಡಿನ ಅಡಿಯಲ್ಲಿವೆ, ಯಾರಿಗೂ ಕಾಣುವುದಿಲ್ಲ.

ಪಿಕಪ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅದರಲ್ಲಿ ಆಯಸ್ಕಾಂತ ಇದೆ, ಸುತ್ತಲೂ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಆಯಸ್ಕಾಂತದ ಬಲವೂ ನಡುಗಿ, ತಾಮ್ರದಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು ಇದನ್ನೇ. ಡೈನಮೋ ಕೂಡ ಇದೇ. ಪ್ಲಾಸ್ಟಿಕ್ ತಂತಿ ಕಟ್ಟಿದರೆ ಪಿಕಪ್ಪಿಗೆ ಕೇಳಿಸುವುದೇ ಇಲ್ಲ. ನಾವು ಬೆಸುಗೆ ಹಾಕಿದ ಮೇಲೆ ಸ್ಪೀಕರ್ ಒಂದೇ ಸಮ ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಬ್ರಿಜ್ಜಿಗೆ ಹೋಗಬೇಕಾದ ಒಂದು ವೈರು ಬಿಟ್ಟುಹೋಗಿತ್ತು. ಹಾಕಿದ ಮೇಲೆ ಸುಮ್ಮನಾಯಿತು.

ಗಿಟಾರ್ ಈಗ ಮಾವನ ಜೊತೆ ಬೆಂಗಳೂರಿನಲ್ಲಿದೆ. ದಸರಾ ರಜಕ್ಕೆ ತರುತ್ತಾರಂತೆ. ಬಂದರೆ ಹೆಡ್ ಮಾಸ್ತರರ ಅನುಮತಿ ಕೇಳಿ ಒಂದು ದಿನ ಶಾಲೆಗೆ ತರುತ್ತೇನೆ. ಸ್ಪೀಕರಿಗೆ 9 ವೋಲ್ಟಿನ ಬ್ಯಾಟರಿ ಸಾಕು, ಕರೆಂಟ್ ಹೋಗಿದ್ದರೂ ನಡೆಯುತ್ತದೆ.