ಮಾರ್ಪಾಡು ಮಾಡಿದ ವಾಹನಗಳ ವಿಮೆ: ರೈತರು ತಿಳಿದಿರಬೇಕಾದ ಅಂಶಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಪ್ರದೇಶಗಳು. ಇಲ್ಲಿಯ ಮೆಕ್ಕೆಜೋಳ, ಜೋಳ, ಶೇಂಗಾ, ಈರುಳ್ಳಿಗಳನ್ನು ಹೊಲದಿಂದ ಕಣಕ್ಕೂ, ಕಣದಿಂದ ಪೇಟೆಗೂ ಸಾಗಿಸಲು ಎತ್ತಿನ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರು, ಪಿಕಪ್ ಗಾಡಿ, ಜೀಪುಗಳು ಬಂದಿವೆ. ಅನುಕೂಲಸ್ಥರ ಮನೆಯಲ್ಲಿ ಕಾರೂ ಉಂಟು. ಹೆಚ್ಚು ತೆನೆ ಹಿಡಿಯಲೆಂದು ಟ್ರೇಲರಿನ ಪಕ್ಕದ ತಗಡು ಎತ್ತರಿಸುವುದು, ಪಿಕಪ್ ಗಾಡಿಗೆ ಹೆಚ್ಚಿನ ಸ್ಪ್ರಿಂಗ್ ಪಟ್ಟಿ ಹಾಕಿಸುವುದು, ಜೀಪಿನ ಹಿಂಭಾಗದಲ್ಲಿ ಬೆಂಚು ಕೂಡಿಸುವುದು, ಕಾರಿಗೆ ಗ್ಯಾಸ್ ಕಿಟ್ ಅಳವಡಿಸುವುದು ಮುಂತಾದ ಮಾರ್ಪಾಡುಗಳನ್ನು ಮಾಡಿಸುವುದುಂಟು. ವೆಲ್ಡಿಂಗ್ ಅಂಗಡಿಗೆ ಹಣ ಕೊಟ್ಟ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುವುದು ತಪ್ಪು. ಸಾರಿಗೆ ಕಛೇರಿಗೆ ಹಾಗೂ ವಿಮಾ ಕಂಪನಿಗೆ ತಿಳಿಸದ ಬದಲಾವಣೆಯು, ಅಪಘಾತವಾದ ದಿನ ಹೊಲ ಮಾರುವ ಸ್ಥಿತಿಯನ್ನು ತರಬಹುದು.

ವಿಮೆಯ ಎರಡು ಭಾಗಗಳು

ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ನಮ್ಮ ವಾಹನದಿಂದ ಇತರರಿಗೆ ಆಗುವ ಸಾವು, ಗಾಯ, ನಷ್ಟಗಳಿಗೆ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನ ಪ್ರಕಾರ ಇದು ಕಡ್ಡಾಯ. ಎರಡನೆಯದು, ನಮ್ಮ ಸ್ವಂತ ವಾಹನಕ್ಕೆ ಆಗುವ ಹಾನಿ, ಬೆಂಕಿ, ಕಳವುಗಳಿಗೆ ಸಂಬಂಧಿಸಿದ್ದು. ಇದು ನಮ್ಮ ಇಚ್ಛೆಗೆ ಬಿಟ್ಟದ್ದು. ಕಾಯಿದೆಯ ದೃಷ್ಟಿಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ. ಆದುದರಿಂದ ಟ್ರ್ಯಾಕ್ಟರಿನ ಪಾಲಿಸಿ ಇದ್ದರೆ ಸಾಲದು. ಟ್ರೇಲರಿನ ನೋಂದಣಿ ಸಂಖ್ಯೆಯೂ ವಿಮೆಯಲ್ಲಿ ಸೇರಿರಬೇಕು.

ಏಕೆ ತಿಳಿಸಬೇಕು?

ವಿಮೆ ನಂಬಿಕೆಯ ಮೇಲೆ ನಿಂತ ಕರಾರು. ವಾಹನ ಯಾವುದು, ಹೇಗಿದೆ, ಯಾವ ಉಪಯೋಗಕ್ಕೆ ಎಂದು ನಾವು ಅರ್ಜಿಯಲ್ಲಿ ಬರೆದುದನ್ನು ನಂಬಿ ಕಂಪನಿಯು ಕಂತನ್ನು ಗೊತ್ತುಮಾಡುತ್ತದೆ. ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಾಲಿಸಿ ಪಡೆದಿದ್ದರೆ ಅದು ಅಸಿಂಧು ಎಂದು ನ್ಯಾಯಾಲಯದಲ್ಲಿ ವಾದಿಸಲು ಕಾಯಿದೆಯ 150ನೆಯ ಕಲಮು ಕಂಪನಿಗೆ ಅವಕಾಶ ಕೊಡುತ್ತದೆ. ಸ್ವಂತ ವಾಹನದ ಹಾನಿಯ ವಿಷಯದಲ್ಲಂತೂ ತಕರಾರು ಇನ್ನೂ ಬೇಗ ಹುಟ್ಟುತ್ತದೆ.

ಉದಾಹರಣೆಗೆ, ಒಬ್ಬ ರೈತರು ತಮ್ಮ ಕಾರಿಗೆ 40,000 ರೂಪಾಯಿಯ ಗ್ಯಾಸ್ ಕಿಟ್ ಹಾಕಿಸಿದರೆಂದು ಇಟ್ಟುಕೊಳ್ಳೋಣ. ಹಿಂದಿನ ಮೋಟಾರು ದರಪಟ್ಟಿಯಲ್ಲಿ ಕಿಟ್ಟಿನ ಬೆಲೆಯ ಮೇಲೆ ನೂರಕ್ಕೆ 4ರಂತೆ, ಅಂದರೆ 1,600 ರೂಪಾಯಿ ಹೆಚ್ಚಿನ ಕಂತಾಗುತ್ತಿತ್ತು. ಈಗ ಈ ಭಾಗದ ದರವನ್ನು ಆಯಾ ಕಂಪನಿಯೇ ಗೊತ್ತುಮಾಡುವುದರಿಂದ ಮೊದಲೇ ವಿಚಾರಿಸಬೇಕು. ಈ ಸಣ್ಣ ಮೊತ್ತ ಉಳಿಸಲೆಂದು ಸುಮ್ಮನಿದ್ದು, ಮುಂದೆ ಕಾರಿಗೆ ಬೆಂಕಿ ಬಿದ್ದರೆ, ಕಿಟ್ಟಿನ ಬೆಲೆ ಹಾಗಿರಲಿ, ಕಾರಿನ ಬೆಲೆಯೇ ಕೈತಪ್ಪಬಹುದು.

ಕಾನೂನು ಏನು ಹೇಳುತ್ತದೆ?

ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂದು 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ನೀಡಿದೆ. ಅನುಮೋದಿತ ಗ್ಯಾಸ್ ಕಿಟ್‌ನಂತಹ ಕೆಲವು ಬದಲಾವಣೆಗಳಿಗೆ ಮಾತ್ರ ಅವಕಾಶವಿದೆ. ಕಾರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿತು. ಕಾನೂನು ಒಪ್ಪದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಅಂಥದನ್ನು ತೆಗೆಸುವುದೇ ಲೇಸು.

ಉಪಯೋಗ ಬದಲಾದರೂ ಬದಲಾವಣೆಯೇ

ವಾಹನದ ರೂಪದಂತೆಯೇ ಅದರ ಉಪಯೋಗವೂ ಮುಖ್ಯ. ಮೈಲಾರದ ಜಾತ್ರೆಗೆ, ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ ಟ್ರೇಲರಿನ ಮೇಲೆ ತಾಡಪತ್ರಿ ಕಟ್ಟಿ ಮನೆಮಂದಿಯನ್ನೂ ನೆರೆಯವರನ್ನೂ ಕೂರಿಸಿಕೊಂಡು ಹೋಗುವ ರೂಢಿಯಿದೆ. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರೇಲರು ಜನರನ್ನು ಸಾಗಿಸುವ ವಾಹನವಲ್ಲ. ಮಣ್ಣು ತುಂಬಿದ ಟ್ರೇಲರಿನ ಮೇಲೆ ಕುಳಿತಿದ್ದ ಕೂಲಿಕಾರರೊಬ್ಬರು ಬಿದ್ದು ಗಾಯಗೊಂಡ ಪ್ರಕರಣದಲ್ಲಿ, ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ತೀರ್ಮಾನಿಸಿತು. ಕೂಲಿಕಾರರ ಬಡತನ ನೋಡಿ, ಕಂಪನಿ ಮೊದಲು ಪರಿಹಾರ ಕೊಟ್ಟು ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿತು. ಅಂದರೆ ಕೊನೆಗೆ ಭಾರ ಬಿದ್ದದ್ದು ಟ್ರ್ಯಾಕ್ಟರಿನ ಯಜಮಾನರ ಮೇಲೆಯೇ.

ಅನುಸರಿಸಬೇಕಾದ ಕ್ರಮಗಳು

1. ಮಾರ್ಪಾಡಿಗೆ ಮುನ್ನ ನಿಮ್ಮ ವಾಸಸ್ಥಳಕ್ಕೆ ಸೇರಿದ ಸಾರಿಗೆ ಕಛೇರಿಯಲ್ಲಿ ಅದಕ್ಕೆ ಅವಕಾಶ ಉಂಟೇ ಎಂದು ವಿಚಾರಿಸಿ, ಅನುಮತಿ ಪಡೆಯಿರಿ.

2. ಕೆಲಸ ಮುಗಿದ 14 ದಿನಗಳೊಳಗೆ ವರದಿ ಕೊಟ್ಟು, ನೋಂದಣಿ ಪತ್ರದಲ್ಲಿ ಬದಲಾವಣೆಯನ್ನು ನಮೂದು ಮಾಡಿಸಿ.

3. ವಿಮಾ ಕಂಪನಿಗೆ ಪತ್ರದ ಮೂಲಕ ತಿಳಿಸಿ. ನೋಂದಣಿ ಪತ್ರದ ನಕಲು, ಬಿಲ್ಲು, ಭಾವಚಿತ್ರ ಲಗತ್ತಿಸಿ, ತಲುಪಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಕ್ಷಿಯಾಗುವುದು ಕಷ್ಟ.

4. ಹೆಚ್ಚಿನ ಕಂತು ಕಟ್ಟಿದ ಮೇಲೆ, ಪಾಲಿಸಿಗೆ ಸೇರಿಸಿದ ತಿದ್ದುಪಡಿ ಚೀಟಿಯನ್ನು ಕೇಳಿ ಪಡೆದು ಓದಿ ನೋಡಿ.

5. ಹಳೆಯ ವಾಹನ ಕೊಳ್ಳುವಾಗ ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿ.

6. ಪ್ರತಿ ವರ್ಷ ಪಾಲಿಸಿ ನವೀಕರಿಸುವಾಗ ಅರ್ಜಿಯನ್ನು ಬೇರೆಯವರು ತುಂಬಿದರೂ, ಓದದೆ ಸಹಿ ಮಾಡಬೇಡಿ.

ಎಲ್ಲವನ್ನೂ ತಿಳಿಸಿದ್ದರೂ ಕಂಪನಿಯು ಪರಿಹಾರ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಅಲ್ಲಿ ನಮ್ಮ ಕೈಹಿಡಿಯುವುದು ಮುದ್ರೆ ಬಿದ್ದ ಆ ಪತ್ರದ ನಕಲೇ.

ಸಂಕಟ ಬಂದಾಗ ವೆಂಕಟರಮಣ ಎಂಬಂತೆ ಅಪಘಾತವಾದ ಮೇಲೆ ಪಾಲಿಸಿ ಹುಡುಕಿದರೆ ಪ್ರಯೋಜನವಿಲ್ಲ. ರಸ್ತೆಯ ಮೇಲಿರುವ ವಾಹನವೂ ಕಾಗದದಲ್ಲಿರುವ ವಾಹನವೂ ಒಂದೇ ಆಗಿರಬೇಕು. ರೈತ ಬಾಂಧವರು ಈ ಸುಗ್ಗಿಗೆ ಮುನ್ನವೇ ತಮ್ಮ ನೋಂದಣಿ ಪತ್ರ, ಪಾಲಿಸಿ ಮತ್ತು ವಾಹನ ಮೂರನ್ನೂ ಒಮ್ಮೆ ಹೋಲಿಸಿ ನೋಡುವುದು ಒಳ್ಳೆಯದು.